ಕಳ್ಳ ಯಾರು? ಎಳೆಯರ ಪತ್ತೇದಾರಿ ಓದಿನ ಚರಿತ್ರೆ

ಪಠ್ಯಪುಸ್ತಕದೊಳಗೆ ಪತ್ತೇದಾರಿ ಕಾದಂಬರಿಯನ್ನು ಅಡಗಿಸಿಟ್ಟು ಓದಿ, ಸಿಕ್ಕಿಬಿದ್ದು, ಕಿವಿ ಹಿಂಡಿಸಿಕೊಂಡವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಕನ್ನಡ ಮನೆಗಳಲ್ಲಿ ಎನ್. ನರಸಿಂಹಯ್ಯನವರ ಪುಸ್ತಕ, ಉರ್ದು ಮನೆಗಳಲ್ಲಿ ಇಬ್ನೆ ಸಫಿಯವರ ಪುಸ್ತಕ, ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳ ಚೀಲದಲ್ಲಿ ಹಾರ್ಡಿ ಬಾಯ್ಸ್ ಅಥವಾ ನ್ಯಾನ್ಸಿ ಡ್ರೂ. ಭಾಷೆ ಬೇರೆ ಬೇರೆಯಾದರೂ ಬೈಗುಳ ಮಾತ್ರ ಒಂದೇ ಆಗಿತ್ತು: ಇಂತಹದ್ದನ್ನೆಲ್ಲ ಓದಿದರೆ ಹಾಳಾಗಿ ಹೋಗುತ್ತೀ!

ಕೊಲೆ, ಕಳವು, ನಿಧಿ, ಕತ್ತಲ ಮನೆ, ಹಿಂಬಾಲಿಸುವ ಹೆಜ್ಜೆ ಸಪ್ಪಳ ಇವುಗಳಿಂದ ತುಂಬಿದ ಪುಸ್ತಕವನ್ನು ಹದಿಮೂರು ಹದಿನಾಲ್ಕರ ಹುಡುಗರು ಊಟ ಬಿಟ್ಟು ಓದುವುದನ್ನು ಕಂಡರೆ ಹಿರಿಯರಿಗೆ ಆತಂಕವಾಗುವುದು ಸಹಜ. ಆದರೆ ಈ ಆತಂಕಕ್ಕೂ ಒಂದು ಚರಿತ್ರೆಯಿದೆ. ಅದನ್ನು ತಿರುವಿ ನೋಡಿದರೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತದೆ. ಹಿರಿಯರು ಹೆದರಬೇಕಿಲ್ಲದ ವಿಷಯಕ್ಕೆ ನೂರು ವರ್ಷಕ್ಕೂ ಮಿಕ್ಕಿ ಹೆದರುತ್ತಾ ಬಂದರು. ಹೆದರಬೇಕಾಗಿದ್ದ ವಿಷಯ ಅದೇ ಪುಟಗಳಲ್ಲಿ ಇತ್ತು. ಆದರೆ ಅದರತ್ತ ಹೆಚ್ಚಿನವರು ಕಣ್ಣೆತ್ತಿಯೂ ನೋಡಲಿಲ್ಲ.

ಪುಸ್ತಕದ ಮೇಲೆ ಆರೋಪ

1895ರ ಜುಲೈ ತಿಂಗಳು. ಲಂಡನ್ನಿನ ಪೂರ್ವ ಭಾಗದ ಪ್ಲೇಸ್ಟೋ ಎಂಬ ಬಡಾವಣೆ. ಅಲ್ಲಿನ ಒಂದು ಮನೆಯ ತಂದೆ ಹಡಗಿನ ನೌಕರ. ಆತ ನ್ಯೂಯಾರ್ಕ್‌ಗೆ ಹೋಗುವ ಹಡಗಿನಲ್ಲಿದ್ದ. ಮನೆಯಲ್ಲಿ ತಾಯಿ ಮತ್ತು ಇಬ್ಬರು ಗಂಡುಮಕ್ಕಳು. ಹಿರಿಯವನಾದ ರಾಬರ್ಟ್ ಕೂಂಬ್ಸ್‌ಗೆ ಹದಿಮೂರು ವರ್ಷ, ಕಿರಿಯವನಿಗೆ ಹನ್ನೆರಡು. ಕೆಲವು ದಿನ ಹುಡುಗರು ಕ್ರಿಕೆಟ್ ಪಂದ್ಯ ನೋಡಿಕೊಂಡು, ಊರು ಸುತ್ತಿಕೊಂಡು ಇದ್ದರು. ತಾಯಿ ಊರಿಗೆ ಹೋಗಿದ್ದಾಳೆ ಎಂದು ಕೇಳಿದವರಿಗೆ ಹೇಳುತ್ತಿದ್ದರು. ಹತ್ತು ದಿನ ತುಂಬುವ ಹೊತ್ತಿಗೆ ಸಂಬಂಧಿಕರು ಕೋಣೆಯ ಬಾಗಿಲು ತೆಗೆಸಿದಾಗ ತಾಯಿಯ ಹೆಣ ಸಿಕ್ಕಿತು. ಕೊಂದವನು ಹಿರಿಯ ಮಗ.

ಇಡೀ ಇಂಗ್ಲೆಂಡ್ ತತ್ತರಿಸಿತು. ಹದಿಮೂರರ ಹುಡುಗ ಹೆತ್ತ ತಾಯಿಯನ್ನೇ ಕೊಲ್ಲಲು ಕಾರಣವೇನು? ಮನೆಯನ್ನು ಶೋಧಿಸಿದಾಗ ಅಗ್ಗದ ರೋಚಕ ಕತೆಗಳ ಪುಸ್ತಿಕೆಗಳ ಕಟ್ಟು ಸಿಕ್ಕಿತು. ಅಷ್ಟು ಸಾಕಾಯಿತು. ಅಂತಹ ಪುಸ್ತಿಕೆಗಳನ್ನು ಜನರು 'ಪೆನ್ನಿ ಡ್ರೆಡ್‌ಫುಲ್' ಎಂದು ಕರೆಯುತ್ತಿದ್ದರು. ಒಂದು ಪೆನ್ನಿಗೆ ಸಿಗುವ ಭಯಂಕರ ಎಂಬ ಅರ್ಥದಲ್ಲಿ. ಸಾವಿನ ವಿಚಾರಣೆ ನಡೆಸಿದ ಪಂಚರು ಇಂತಹ ಸಾಹಿತ್ಯಕ್ಕೆ ಸರಕಾರ ತಡೆ ಹಾಕಬೇಕೆಂದು ತಮ್ಮ ತೀರ್ಮಾನದ ಜೊತೆಗೆ ಸೇರಿಸಿ ಬರೆದರು. ಪತ್ರಿಕೆಗಳು ಅದೇ ರಾಗ ಹಾಡಿದವು.

ಆ ಪುಸ್ತಿಕೆಗಳು ಅಷ್ಟೊಂದು ಹರಡಿದ್ದಕ್ಕೂ ಒಂದು ಹಿನ್ನೆಲೆ ಇತ್ತು. 1870ರ ಶಿಕ್ಷಣ ಕಾನೂನಿನ ನಂತರ ಇಂಗ್ಲೆಂಡಿನ ಬಡವರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಅಕ್ಷರ ಕಲಿತರು. ಓದಲು ಬಂದ ಮೇಲೆ ಓದಲು ಏನಾದರೂ ಬೇಕಲ್ಲ? ಗಟ್ಟಿ ರಟ್ಟಿನ ಪುಸ್ತಕಗಳು ಅವರ ಕೈಗೆ ಎಟುಕುತ್ತಿರಲಿಲ್ಲ. ಒಂದು ಪೆನ್ನಿಯ ಪುಸ್ತಿಕೆ ಎಟುಕಿತು. ಒಬ್ಬ ಕೊಂಡರೆ ಹತ್ತು ಮಂದಿ ಓದುತ್ತಿದ್ದರು. ಆದ್ದರಿಂದ ಪುಸ್ತಿಕೆಗಳ ಮೇಲಿನ ಸಿಟ್ಟಿನಲ್ಲಿ, ಕೂಲಿಕಾರರ ಮಕ್ಕಳು ಓದತೊಡಗಿದರಲ್ಲ ಎಂಬ ಕಸಿವಿಸಿಯೂ ಸ್ವಲ್ಪ ಬೆರೆತಿತ್ತು.

ನ್ಯಾಯಾಲಯವು ರಾಬರ್ಟ್‌ನನ್ನು ಬುದ್ಧಿಸ್ಥಿಮಿತ ಇಲ್ಲದವನೆಂದು ತೀರ್ಮಾನಿಸಿ ಬ್ರಾಡ್‌ಮೂರ್ ಎಂಬ ಮಾನಸಿಕ ಚಿಕಿತ್ಸಾಲಯಕ್ಕೆ ಕಳುಹಿಸಿತು. ಅಲ್ಲಿ ಆತ ಹೊಲಿಗೆ ಕಲಿತ, ವಾದ್ಯ ನುಡಿಸಲು ಕಲಿತ. 1912ರಲ್ಲಿ ಬಿಡುಗಡೆಯಾಗಿ ಮುಂದೆ ಆಸ್ಟ್ರೇಲಿಯಾ ಸೇರಿದ. ಮೊದಲ ಮಹಾಯುದ್ಧದಲ್ಲಿ ಗಲಿಪೊಲಿಯ ರಣರಂಗದಲ್ಲಿ ಗಾಯಾಳುಗಳನ್ನು ಸ್ಟ್ರೆಚರ್‌ನಲ್ಲಿ ಹೊತ್ತು ತರುವ ಕೆಲಸ ಮಾಡಿದ. ಯುದ್ಧದ ಸೇವೆಗಾಗಿ ಮಿಲಿಟರಿ ಪದಕ ಪಡೆದ. ನಂತರ ಒಂದು ಹಳ್ಳಿಯಲ್ಲಿ ತರಕಾರಿ ಬೆಳೆದು ಬದುಕಿದ. ಮನೆಯಲ್ಲಿ ಏಟು ತಿಂದು ಓಡಿಬಂದ ನೆರೆಯ ಹುಡುಗನೊಬ್ಬನನ್ನು ತನ್ನ ಮನೆಯಲ್ಲಿರಿಸಿ ಸಾಕಿದ. 1949ರಲ್ಲಿ ತೀರಿಕೊಂಡ. ಕೇಟ್ ಸಮ್ಮರ್‌ಸ್ಕೇಲ್ ಎಂಬ ಲೇಖಕಿ 2016ರ ತಮ್ಮ ಪುಸ್ತಕದಲ್ಲಿ ಈ ಬದುಕನ್ನು ಪೂರ್ತಿಯಾಗಿ ಹೊರಗೆ ತಂದರು.

ಇಲ್ಲಿ ಗಮನಿಸಬೇಕಾದದ್ದು ಒಂದು ವಿಷಯ. ಅಂತಹ ಪುಸ್ತಿಕೆಗಳನ್ನು ಲಕ್ಷಾಂತರ ಹುಡುಗರು ಓದುತ್ತಿದ್ದರು. ಕೊಂದವನು ಒಬ್ಬ. ಆದರೂ ಪುಸ್ತಕವೇ ಅಪರಾಧಿ ಎಂದು ಊರೆಲ್ಲ ಒಪ್ಪಿಕೊಂಡಿತು. ಕಣ್ಣಿಗೆ ಮೊದಲು ಬಿದ್ದ ವಸ್ತುವನ್ನೇ ಅಪರಾಧಿಯೆಂದು ಹಿಡಿಯುವುದು ಸುಲಭ. ಒಳ್ಳೆಯ ಪತ್ತೇದಾರಿ ಕತೆಯೊಂದರಲ್ಲಿ ಹೀಗೆ ಮಾಡುವವನು ಪತ್ತೇದಾರನಲ್ಲ, ಪ್ರತಿ ಸಲವೂ ತಪ್ಪು ಮನುಷ್ಯನನ್ನು ಹಿಡಿದು ನಗೆಪಾಟಲಾಗುವ ಪೆದ್ದ ಇನ್ಸ್‌ಪೆಕ್ಟರ್!

ನ್ಯೂಜರ್ಸಿಯ ಕತೆಯ ಕಾರ್ಖಾನೆ

ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದಲ್ಲಿ, ಇದೇ ಓದು ಒಂದು ದೊಡ್ಡ ಉದ್ಯಮವಾಗಿ ಬೆಳೆಯಿತು. ಅದನ್ನು ಕಟ್ಟಿದವರು ನ್ಯೂಜರ್ಸಿಯಲ್ಲಿ ಹುಟ್ಟಿದ ಎಡ್ವರ್ಡ್ ಸ್ಟ್ರಾಟ್‌ಮೇಯರ್. ಜರ್ಮನಿಯಿಂದ ವಲಸೆ ಬಂದ ಕುಟುಂಬದ ಮಗ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಒಂದು ಹೊಸ ಪದ್ಧತಿ ತಂದರು. ಕತೆಯ ಹಂದರವನ್ನು ಎರಡು ಮೂರು ಪುಟಗಳಲ್ಲಿ ತಾವೇ ಬರೆಯುವುದು. ಅದನ್ನು ಬಡ ಪತ್ರಕರ್ತರಿಗೋ ಹೊಸ ಬರಹಗಾರರಿಗೋ ಕಳುಹಿಸಿ ಕಾದಂಬರಿ ಮಾಡಿಸುವುದು. ಒಂದೇ ಸಲ ಸಂಭಾವನೆ ಕೊಟ್ಟು ಎಲ್ಲಾ ಹಕ್ಕುಗಳನ್ನೂ ಬರೆಸಿಕೊಳ್ಳುವುದು. ಮುಖಪುಟದಲ್ಲಿ ಮಾತ್ರ ಎಲ್ಲಿಯೂ ಇಲ್ಲದ ಒಬ್ಬ ಲೇಖಕನ ಹೆಸರು. ಬೆಲೆ ಐವತ್ತು ಸೆಂಟ್. ಮಕ್ಕಳು ತಮ್ಮ ಕೈಖರ್ಚಿನ ಹಣದಲ್ಲೇ ಕೊಳ್ಳಬಹುದು, ಅಪ್ಪ ಅಮ್ಮನನ್ನು ಕೇಳಬೇಕಾಗಿಲ್ಲ.

ಹಿರಿಯರಿಗೆ ಇದೇ ನುಂಗಲಾರದ ತುತ್ತಾಯಿತು. 1914ರಲ್ಲಿ ಅಮೆರಿಕದ ಸ್ಕೌಟ್ ಸಂಸ್ಥೆಯ ಮುಖ್ಯ ಗ್ರಂಥಪಾಲಕ ಫ್ರಾಂಕ್ಲಿನ್ ಮ್ಯಾಥ್ಯೂಸ್ ಒಂದು ಲೇಖನ ಬರೆದರು. ಇಂತಹ ಪುಸ್ತಕಗಳು ಹುಡುಗನ ಮಿದುಳನ್ನೇ ಸ್ಫೋಟಿಸುತ್ತವೆ ಎಂಬುದು ಅದರ ಶೀರ್ಷಿಕೆಯ ಭಾವ. ಅನೇಕ ಗ್ರಂಥಾಲಯಗಳು ಈ ಪುಸ್ತಕಗಳನ್ನು ಕಪಾಟಿಗೆ ಸೇರಿಸಲಿಲ್ಲ. ಆದರೂ ಮಾರಾಟ ನಿಲ್ಲಲಿಲ್ಲ. 1927ರಲ್ಲಿ ಹಾರ್ಡಿ ಬಾಯ್ಸ್ ಬಂತು. ಪ್ರಸಿದ್ಧ ಪತ್ತೇದಾರನ ಇಬ್ಬರು ಗಂಡುಮಕ್ಕಳು ಮೋಟಾರ್ ಸೈಕಲ್ ಏರಿ ರಹಸ್ಯ ಭೇದಿಸುವ ಕತೆಗಳು. 1930ರ ಏಪ್ರಿಲ್ 28ರಂದು ನ್ಯಾನ್ಸಿ ಡ್ರೂ ಮಾಲೆಯ ಮೊದಲ ಮೂರು ಪುಸ್ತಕಗಳು ಒಟ್ಟಿಗೆ ಹೊರಬಂದವು. ಹನ್ನೆರಡು ದಿನಗಳ ನಂತರ ಸ್ಟ್ರಾಟ್‌ಮೇಯರ್ ತೀರಿಕೊಂಡರು. ಮಕ್ಕಳಾದ ಹ್ಯಾರಿಯಟ್ ಮತ್ತು ಎಡ್ನಾ ಸಂಸ್ಥೆಯ ಹೊಣೆ ಹೊತ್ತರು.

ಹಾರ್ಡಿ ಬಾಯ್ಸ್‌ನ ಲೇಖಕನೆಂದು ಮುದ್ರಿತವಾದ 'ಫ್ರಾಂಕ್ಲಿನ್ ಡಬ್ಲ್ಯೂ. ಡಿಕ್ಸನ್' ಎಂಬ ಮನುಷ್ಯ ಇರಲೇ ಇಲ್ಲ. ಆರಂಭದ ಪುಸ್ತಕಗಳನ್ನು ನಿಜವಾಗಿ ಬರೆದವರು ಲೆಸ್ಲಿ ಮೆಕ್‌ಫರ್ಲೇನ್ ಎಂಬ ಕೆನಡಾದ ಪತ್ರಕರ್ತ. ಮೊದಮೊದಲು ಪುಸ್ತಕವೊಂದಕ್ಕೆ 125 ಡಾಲರ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅದೂ ಇಳಿಯಿತು. ನ್ಯಾನ್ಸಿ ಡ್ರೂವಿನ 'ಕ್ಯಾರೊಲಿನ್ ಕೀನ್' ಕೂಡ ಕಲ್ಪಿತ ಹೆಸರು. ಮೊದಲ ಮೂವತ್ತು ಪುಸ್ತಕಗಳಲ್ಲಿ 23ನ್ನು ಬರೆದವರು ಅಯೋವಾ ರಾಜ್ಯದ ಮಿಲ್ಡ್ರೆಡ್ ವರ್ಟ್ ಎಂಬ ಪತ್ರಕರ್ತೆ. ಲಕ್ಷಗಟ್ಟಲೆ ಹುಡುಗಿಯರು ಆಕೆಯ ಪುಸ್ತಕ ಓದಿದರು, ಆಕೆಯ ಹೆಸರು ಯಾರಿಗೂ ತಿಳಿದಿರಲಿಲ್ಲ. 1980ರಲ್ಲಿ ಪ್ರಕಾಶಕರ ನಡುವಿನ ವ್ಯಾಜ್ಯದಲ್ಲಿ ಆಕೆ ಸಾಕ್ಷಿ ಹೇಳಿದಾಗಲೇ ಸತ್ಯ ನ್ಯಾಯಾಲಯದಲ್ಲಿ ದಾಖಲಾಯಿತು. ರಹಸ್ಯ ಭೇದಿಸುವ ಹುಡುಗಿಯನ್ನು ಸೃಷ್ಟಿಸಿದವಳೇ ಐವತ್ತು ವರ್ಷ ಒಂದು ರಹಸ್ಯವಾಗಿ ಉಳಿದಿದ್ದಳು. ಆಕೆ 2002ರಲ್ಲಿ, 96ನೆಯ ವಯಸ್ಸಿನಲ್ಲಿ ನಿಧನರಾದರು. ಕೊನೆಯ ದಿನದವರೆಗೂ ಪತ್ರಿಕೆಗೆ ಬರೆಯುತ್ತಲೇ ಇದ್ದರು.

ಈ ಪುಸ್ತಕಗಳು ಮಿದುಳನ್ನು ಹಾಳು ಮಾಡಿದವೇ? ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶೆಯರಾದ ಸಾಂಡ್ರಾ ಡೇ ಓಕಾನರ್, ರೂತ್ ಬೇಡರ್ ಗಿನ್ಸ್‌ಬರ್ಗ್ ಮತ್ತು ಸೋನಿಯಾ ಸೊಟೊಮಯೋರ್ ಮೂವರೂ ತಾವು ಬಾಲ್ಯದಲ್ಲಿ ನ್ಯಾನ್ಸಿ ಡ್ರೂ ಓದಿ ಬೆಳೆದುದನ್ನು ಹೇಳಿಕೊಂಡಿದ್ದಾರೆ. ಹೆಣ್ಣುಮಗಳೊಬ್ಬಳು ಯಾರ ಅನುಮತಿಗೂ ಕಾಯದೆ ಕಾರು ನಡೆಸುತ್ತಾಳೆ, ಪ್ರಶ್ನೆ ಕೇಳುತ್ತಾಳೆ, ಉಯಿಲನ್ನು ಹುಡುಕಿ ಬಡವರಿಗೆ ಅವರ ಪಾಲು ಕೊಡಿಸುತ್ತಾಳೆ. 1930ರ ದಶಕದ ಹುಡುಗಿಯರಿಗೆ ಇದು ಸಣ್ಣ ಮಾತಾಗಿರಲಿಲ್ಲ.

ಖಳನ ಮುಖ

ಹಾಗಾದರೆ ಈ ಪುಸ್ತಕಗಳಲ್ಲಿ ದೋಷವೇ ಇರಲಿಲ್ಲವೇ? ಇತ್ತು, ದೊಡ್ಡದೇ ಇತ್ತು. ಗ್ರಂಥಪಾಲಕರು ಕತೆಯ ರೋಚಕತೆಯನ್ನು ದೂಷಿಸಿದರು, ಭಾಷೆಯನ್ನು ದೂಷಿಸಿದರು. ಆದರೆ ಕತೆಯಲ್ಲಿ ಕಳ್ಳನ ಮುಖ ಹೇಗಿರುತ್ತದೆ ಎಂಬುದನ್ನು ಕೇಳಿದವರು ವಿರಳ. ಹಳೆಯ ಪ್ರತಿಗಳನ್ನು ತೆರೆದರೆ ಕಾಣುವುದೇನು? ಕಪ್ಪು ಮೈಬಣ್ಣದವನು, ವಿದೇಶಿ ಉಚ್ಚಾರಣೆಯವನು, ಚೀನೀಯ, ವಲಸೆ ಬಂದವನು ಇಂತಹವರು ಪುಟಕ್ಕೆ ಬಂದ ಕೂಡಲೇ ಓದುಗನಿಗೆ ಸುಳಿವು ಸಿಗುತ್ತಿತ್ತು. ಖಳನಲ್ಲದಿದ್ದರೆ ಆತ ಹಾಸ್ಯದ ಸರಕು. ನ್ಯಾನ್ಸಿ ಡ್ರೂವಿನ ಮೊದಲ ಪುಸ್ತಕದ ಮೂಲ ಪ್ರತಿಯಲ್ಲಿ ಮನೆ ಕಾಯಬೇಕಾದ ಕರಿಯ ಕಾವಲುಗಾರ ಕುಡಿದು ಕಳ್ಳರ ಕೈಗೆ ಸಿಕ್ಕುವ ಬೇಜವಾಬ್ದಾರಿ ಮನುಷ್ಯ.

ಹುಡುಗ ಪಿಸ್ತೂಲು ಹಿಡಿಯುತ್ತಾನೆ ಎಂದು ಹೆದರಿದವರಿಗೆ, ಆತ ಒಂದು ಬಗೆಯ ಮುಖವನ್ನು ಕಂಡರೆ ಸಂದೇಹಪಡಲು ಕಲಿಯುತ್ತಿದ್ದಾನೆ ಎಂಬುದು ಹೊಳೆಯಲಿಲ್ಲ. ಪಿಸ್ತೂಲು ಹಿಡಿದವರು ಎಷ್ಟು ಮಂದಿಯೋ ಏನೋ, ಸಂದೇಹವನ್ನು ಮಾತ್ರ ಬಹಳ ಮಂದಿ ಮನೆಗೆ ಒಯ್ದಿರಬೇಕು.

1959ರಿಂದ ಹ್ಯಾರಿಯಟ್ ಅವರ ಉಸ್ತುವಾರಿಯಲ್ಲಿ ಎರಡೂ ಮಾಲೆಗಳ ಹಳೆಯ ಪುಸ್ತಕಗಳನ್ನು ಹೊಸದಾಗಿ ಬರೆಸಲಾಯಿತು. ಜನಾಂಗಗಳನ್ನು ಹೀಗಳೆಯುವ ಭಾಗಗಳನ್ನು ತೆಗೆದರು. ಒಳ್ಳೆಯದೇ. ಆದರೆ ತೆಗೆದ ರೀತಿ ನೋಡಿ. ಆ ಕರಿಯ ಕಾವಲುಗಾರನನ್ನು ಮರ್ಯಾದಸ್ಥ ಕರಿಯನನ್ನಾಗಿ ಮಾಡಲಿಲ್ಲ, ಬಿಳಿಯನನ್ನಾಗಿ ಮಾಡಿದರು. ಅವಮಾನ ಹೋಯಿತು, ಅದರ ಜೊತೆಗೆ ಮನುಷ್ಯನೂ ಹೋದ. ಇನ್ನೊಂದು ಬದಲಾವಣೆಯೂ ಆಯಿತು. ಮೆಕ್‌ಫರ್ಲೇನ್ ತಮ್ಮ ಪುಸ್ತಕಗಳಲ್ಲಿ ಊರಿನ ಪೊಲೀಸರನ್ನು ಪೆದ್ದರಂತೆ ಚಿತ್ರಿಸಿ ನಗಿಸಿದ್ದರು. ಅಧಿಕಾರದಲ್ಲಿದ್ದವರು ಹೇಳಿದ್ದೆಲ್ಲ ಸತ್ಯವಲ್ಲ ಎಂಬುದು ಹುಡುಗರಿಗೆ ತಿಳಿದಿರಲಿ ಎಂಬುದು ಅವರ ಇಂಗಿತವಾಗಿತ್ತು. 1976ರಲ್ಲಿ ಪ್ರಕಟವಾದ ಆತ್ಮಕತೆಯಲ್ಲಿ ಅವರು ಇದನ್ನು ಹೇಳಿಕೊಂಡಿದ್ದಾರೆ. ಹೊಸ ಆವೃತ್ತಿಯಲ್ಲಿ ಪೊಲೀಸರಿಗೆ ಗೌರವ ಮರಳಿತು, ಆ ಕೀಟಲೆ ಮರೆಯಾಯಿತು.

ಇಂಗ್ಲೆಂಡಿನಲ್ಲಿ 1942ರಿಂದ 'ಫೇಮಸ್ ಫೈವ್' ಮಾಲೆ ಬರೆದ ಎನಿಡ್ ಬ್ಲೈಟನ್ ಅವರ ಮೇಲೂ ಇದೇ ಟೀಕೆ ಬಂತು. ನಾಲ್ವರು ಮಕ್ಕಳು, ಒಂದು ನಾಯಿ, ರಜೆ, ದ್ವೀಪ, ಸುರಂಗ. ನಮ್ಮ ದೇಶದ ಇಂಗ್ಲಿಷ್ ಶಾಲೆಗಳಲ್ಲಿ ತಲೆಮಾರುಗಳೇ ಅದನ್ನು ಓದಿದವು. ಅಲ್ಲಿಯೂ ಸಂದೇಹ ಮೊದಲು ಹೋಗುವುದು ಅಲೆಮಾರಿಗಳ ಕಡೆಗೆ, ಕಪ್ಪು ಛಾಯೆಯವರ ಕಡೆಗೆ, ಪರದೇಶಿಗಳ ಕಡೆಗೆ. ಓದುತ್ತಿದ್ದ ನಮ್ಮ ಮಕ್ಕಳ ಮೈಬಣ್ಣವೂ ಆ ಕತೆಗಳ ಕಳ್ಳರದ್ದೇ ಎಂಬುದು ಅವರಿಗಾಗಲಿ, ಬಹುಮಾನವಾಗಿ ಅದನ್ನೇ ಹಂಚಿದ ಶಾಲೆಗಳಿಗಾಗಲಿ ಹೊಳೆದಿರಲಾರದು.

ನೋಟಿನಲ್ಲಿ ಗುಂಡುಸೂಜಿಯ ತೂತು

ಇದಕ್ಕೆ ಬೇರೆಯದೇ ಒಂದು ದಾರಿಯನ್ನು ತೋರಿಸಿದವರು ಜರ್ಮನಿಯ ಎರಿಖ್ ಕೆಸ್ಟ್ನರ್. ಅವರ 'ಎಮಿಲ್ ಮತ್ತು ಪತ್ತೇದಾರರು' 1929ರಲ್ಲಿ ಬಂತು. ಎಮಿಲ್ ಒಬ್ಬ ಬಡ ವಿಧವೆಯ ಮಗ. ತಾಯಿ ಮನೆಯಲ್ಲಿಯೇ ಹೆಂಗಸರ ಕೂದಲು ತೊಳೆದು, ಬಾಚಿ, ಸಂಪಾದಿಸಿದ 140 ಮಾರ್ಕ್ ಹಣವನ್ನು ಕೊಟ್ಟು ಅವನನ್ನು ಬರ್ಲಿನ್‌ನಲ್ಲಿರುವ ಅಜ್ಜಿಯ ಮನೆಗೆ ರೈಲಿನಲ್ಲಿ ಕಳುಹಿಸುತ್ತಾಳೆ. ಹಣ ಕಳೆದುಹೋಗಬಾರದೆಂದು ಹುಡುಗ ನೋಟುಗಳನ್ನು ಕೋಟಿನ ಒಳಜೇಬಿಗೆ ಗುಂಡುಸೂಜಿಯಿಂದ ಚುಚ್ಚಿಡುತ್ತಾನೆ. ನಿದ್ದೆ ಹತ್ತುತ್ತದೆ. ಎಚ್ಚರವಾದಾಗ ಹಣವೂ ಇಲ್ಲ, ಎದುರು ಕುಳಿತಿದ್ದ ಟೋಪಿಯ ಮಹನೀಯನೂ ಇಲ್ಲ.

ಇಲ್ಲಿ ಕಳ್ಳ ಕಪ್ಪು ಬಣ್ಣದವನಲ್ಲ, ಅಲೆಮಾರಿಯಲ್ಲ. ಒಳ್ಳೆಯ ಟೋಪಿ ಧರಿಸಿದ, ಸಹಪ್ರಯಾಣಿಕರ ಜೊತೆ ಹರಟುತ್ತಿದ್ದ ಮನುಷ್ಯ. ಎಮಿಲ್ ಪೊಲೀಸರ ಬಳಿ ಹೋಗಲು ಹೆದರುತ್ತಾನೆ. ಊರಿನಲ್ಲಿ ಪ್ರತಿಮೆಯೊಂದಕ್ಕೆ ಮೀಸೆ ಬಿಡಿಸಿದ ತುಂಟತನ ಅವನ ಮನಸ್ಸಿನಲ್ಲಿದೆ. ಬರ್ಲಿನ್ನಿನ ಬೀದಿಯ ಹುಡುಗರು ಅವನ ಜೊತೆಗೂಡುತ್ತಾರೆ. ಕಾವಲಿಗೆ ಒಬ್ಬ, ಹಿಂಬಾಲಿಸಲು ಕೆಲವರು. ಎಲ್ಲರಿಗಿಂತ ಚಿಕ್ಕವನಾದ 'ಮಂಗಳವಾರ' ಎಂಬ ಹೆಸರಿನ ಹುಡುಗನಿಗೆ ಟೆಲಿಫೋನ್ ಪಕ್ಕ ಕುಳಿತಿರುವ ಕೆಲಸ. ಸಾಹಸವಿಲ್ಲದ, ಬೇಸರದ ಕೆಲಸ. ಆದರೂ ಅವನು ಕದಲುವುದಿಲ್ಲ.

ಮರುದಿನ ಕಳ್ಳ ಹೊರಬಂದಾಗ ನೂರರಷ್ಟು ಮಕ್ಕಳು ಅವನನ್ನು ಸುತ್ತುವರಿಯುತ್ತಾರೆ. ಯಾರೂ ಅವನನ್ನು ಹೊಡೆಯುವುದಿಲ್ಲ. ಸುಮ್ಮನೆ ಅವನ ಜೊತೆ ನಡೆಯುತ್ತಾರೆ. ಬ್ಯಾಂಕಿನ ಒಳಗೆ ನೋಟು ಬದಲಿಸಲು ಹೋದಾಗ, ಅದು ಕದ್ದ ಹಣ ಎಂದು ಮಕ್ಕಳು ಕೂಗುತ್ತಾರೆ. ಪುರಾವೆ ಏನು ಎಂಬ ಪ್ರಶ್ನೆ ಏಳುತ್ತದೆ. ಆಗ ಎಮಿಲ್‌ಗೆ ಗುಂಡುಸೂಜಿಯ ನೆನಪಾಗುತ್ತದೆ. ನೋಟುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ತೂತುಗಳಿವೆ!

ನೂರು ಮಕ್ಕಳು ಒಟ್ಟಿಗೆ ಕೂಗಿದರೂ ಅದು ಸಾಕ್ಷ್ಯವಾಗಲಿಲ್ಲ, ಒಂದು ಸೂಜಿಯ ತೂತು ಸಾಕ್ಷ್ಯವಾಯಿತು. ಎಮಿಲ್‌ನ ಸಂದೇಹ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಆದರೂ ಸಂದೇಹ ಸರಿ ಎಂಬುದಷ್ಟೇ ಸಾಲದು, ಅದನ್ನು ತೋರಿಸಿಕೊಡಬೇಕು ಎಂಬ ಪಾಠ ಈ ಪುಟ್ಟ ಕತೆಯಲ್ಲಿದೆ.

ಆ ಪಾಠವನ್ನು ಕತೆ ಹುಟ್ಟಿದ ದೇಶವೇ ಬೇಗನೆ ಮರೆಯಿತು. 1933ರ ಮೇ 10ರಂದು ಬರ್ಲಿನ್ನಿನ ಚೌಕದಲ್ಲಿ ನಾಝಿಗಳು ಪುಸ್ತಕಗಳನ್ನು ಸುಟ್ಟಾಗ ಕೆಸ್ಟ್ನರರ ಪುಸ್ತಕಗಳೂ ಬೆಂಕಿಗೆ ಬಿದ್ದವು. ಸ್ವತಃ ಅವರೇ ಗುಂಪಿನ ನಡುವೆ ನಿಂತು ಅದನ್ನು ನೋಡಿದರು. ಅಂದು 'ಎಮಿಲ್' ಮಾತ್ರ ಬೆಂಕಿಯಿಂದ ಉಳಿಯಿತು. ಅದು ಬಹಳ ಜನಪ್ರಿಯವಾಗಿತ್ತು. ಯಹೂದಿ ಎಂಬ ಒಂದೇ ಕಾರಣಕ್ಕೆ ನೆರೆಮನೆಯವನು ಅಪರಾಧಿಯಾದ ಕಾಲವದು. ಅಲ್ಲಿ ಯಾರೂ ಸೂಜಿಯ ತೂತನ್ನು ಕೇಳಲಿಲ್ಲ. 1931ರಲ್ಲಿ ಈ ಕತೆ ಸಿನಿಮಾ ಆದಾಗ ಚಿತ್ರಕತೆ ಬರೆದವರಲ್ಲಿ ಮುಖ್ಯರಾದ ಬಿಲ್ಲಿ ವೈಲ್ಡರ್ ಯಹೂದಿ. ಅವರು 1933ರಲ್ಲಿ ದೇಶ ಬಿಟ್ಟರು. ಟೆಲಿಫೋನ್ ಕಾಯುವ ಪುಟ್ಟ 'ಮಂಗಳವಾರ'ನ ಪಾತ್ರ ಮಾಡಿದ ಹುಡುಗ ಹಾನ್ಸ್ ಲೋರ್ ಬೆಳೆದು ಸೈನಿಕನಾಗಿ 1942ರಲ್ಲಿ ರಷ್ಯಾದ ರಣರಂಗದಲ್ಲಿ ಸತ್ತ.

ಫರೀದಿ ಮತ್ತು ವಿನೋದ್

ನಮ್ಮ ದೇಶಕ್ಕೆ ಬರೋಣ. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದಾಗ, 1952ರ ಮಾರ್ಚ್‌ನಲ್ಲಿ, ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಎಂಬ ಉರ್ದು ಮಾಸಿಕ ಮಾಲೆ ಆರಂಭವಾಯಿತು. ಬರೆದವರು ಅಸ್ರಾರ್ ಅಹ್ಮದ್ ಎಂಬ ಯುವ ಕವಿ. ಇಟ್ಟುಕೊಂಡ ಹೆಸರು ಇಬ್ನೆ ಸಫಿ. ಉರ್ದುವಿನಲ್ಲಿ ಅಶ್ಲೀಲ ಬರೆದರೆ ಮಾತ್ರ ಪುಸ್ತಕ ಖರ್ಚಾಗುತ್ತದೆ ಎಂಬ ಮಾತು ಗೆಳೆಯರ ಕೂಟದಲ್ಲಿ ಬಂದಾಗ, ಹಾಗಲ್ಲ ಎಂದು ತೋರಿಸಲು ಅವರು ಪತ್ತೇದಾರಿ ಕತೆ ಬರೆಯತೊಡಗಿದರು. ಅದೇ ವರ್ಷ ಅವರ ಕುಟುಂಬ ಕರಾಚಿಗೆ ಹೋಯಿತು. ಆದರೆ ಪುಸ್ತಕಗಳು ಗಡಿಯ ಎರಡೂ ಕಡೆ ಬರುತ್ತಲೇ ಇದ್ದವು. 1955ರಲ್ಲಿ ಇಮ್ರಾನ್ ಸರಣಿ ಶುರುವಾಯಿತು. ಹೊರಗೆ ಪೆದ್ದನಂತೆ ನಟಿಸುವ, ಒಳಗೆ ಗುಪ್ತಚರ ವಿಭಾಗದ ಮುಖ್ಯಸ್ಥನಾದ ಇಮ್ರಾನ್ ಹದಿಹರೆಯದವರ ಕಣ್ಮಣಿಯಾದ.

ಕುಟುಂಬದ ಎಲ್ಲರೂ ಓದಬಹುದಾದ ಪುಸ್ತಕ ಎಂಬುದು ಅದರ ಬಲ. ಅಜ್ಜ ಓದಿದ ಪ್ರತಿಯನ್ನೇ ಮೊಮ್ಮಗಳು ಓದಬಹುದಿತ್ತು. ಶಾಲೆಯಲ್ಲಿ ಉರ್ದು ಕಲಿಯದ ಅನೇಕರು ಇಮ್ರಾನ್‌ಗಾಗಿಯೇ ಅಕ್ಷರ ಕೂಡಿಸಿ ಓದಲು ಕಲಿತರೆಂದು ಉರ್ದು ಮನೆಗಳಲ್ಲಿ ಇಂದಿಗೂ ಹೇಳುವುದುಂಟು. 1960ರಿಂದ ಮೂರು ವರ್ಷ ಲೇಖಕರು ಮಾನಸಿಕ ಕಾಯಿಲೆಯಿಂದ ಬರೆಯಲಾರದಾದರು. 1963ರಲ್ಲಿ ಅವರ ಹೊಸ ಪುಸ್ತಕ ಭಾರತದಲ್ಲಿ ಬಂದಾಗ ಬಿಡುಗಡೆ ಮಾಡಿದವರು ಲಾಲ್ ಬಹಾದುರ್ ಶಾಸ್ತ್ರಿ. ಪಾಕಿಸ್ತಾನಕ್ಕೆ ಹೋದ ಲೇಖಕನ ಪುಸ್ತಕವನ್ನು ಭಾರತದ ಗೃಹಮಂತ್ರಿಯಾಗಿದ್ದವರೊಬ್ಬರು ಸಂತೋಷದಿಂದ ಬಿಡುಗಡೆ ಮಾಡುವ ದಿನಗಳೂ ಇದ್ದವು!

ಆದರೆ ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟ ಸಂಗತಿ ಬೇರೆಯೇ ಇದೆ. ಅಲಹಾಬಾದಿನಿಂದ ಇದೇ ಕತೆಗಳು ಹಿಂದಿಯಲ್ಲೂ ಬರುತ್ತಿದ್ದವು. ಉರ್ದುವಿನ ಕರ್ನಲ್ ಫರೀದಿ ಹಿಂದಿಯಲ್ಲಿ ಕರ್ನಲ್ ವಿನೋದ್ ಆದ. ಅವನ ಸಹಾಯಕ ಕ್ಯಾಪ್ಟನ್ ಹಮೀದ್ ಮಾತ್ರ ಎರಡೂ ಭಾಷೆಗಳಲ್ಲಿ ಹಮೀದನೇ. ಹೀಗೆ ಹಿಂದಿ ಓದುವ ಹುಡುಗನ ಕಣ್ಣಿಗೆ ವಿನೋದ್ ಮತ್ತು ಹಮೀದ್ ಒಟ್ಟಿಗೆ ಅಪರಾಧಿಯನ್ನು ಬೆನ್ನಟ್ಟುವ ಚಿತ್ರ ಬಂತು. ವ್ಯಾಪಾರದ ಉಪಾಯವೇ ಇರಬಹುದು. ಆದರೆ ಫರೀದಿಯ ಜಾಗದಲ್ಲಿ ವಿನೋದ್ ನಿಂತರೂ ಕತೆಯ ಒಂದು ಎಳೆಯೂ ಕದಲಲಿಲ್ಲ ಎಂಬುದೇ ದೊಡ್ಡ ಮಾತು. ಒಳ್ಳೆಯವನ ಹೆಸರಿನಿಂದಾಗಲಿ ಕೆಟ್ಟವನ ಹೆಸರಿನಿಂದಾಗಲಿ ಆ ಕತೆಗಳ ಗುಟ್ಟು ಬಯಲಾಗುತ್ತಿರಲಿಲ್ಲ. ಹಾಗೆಂದು ಇಬ್ನೆ ಸಫಿ ಪೂರ್ತಿ ನಿರ್ದೋಷಿಯೆಂದು ಹೇಳಲಾಗದು. ಅವರ ಪ್ರಸಿದ್ಧ ಖಳರಲ್ಲೊಬ್ಬನಾದ ಸಂಗ್ ಹೀ ಚೀನೀಯ. ಪಶ್ಚಿಮದ ಕತೆಗಳಿಂದ ಬಂದ ಅದೇ ಹಳೆಯ ಮುಖ.

ಕೊಲ್ಕತಾದಲ್ಲಿ ಸತ್ಯಜಿತ್ ರಾಯ್ 1965ರಲ್ಲಿ ತಮ್ಮ ಮನೆತನದ ಮಕ್ಕಳ ಪತ್ರಿಕೆ 'ಸಂದೇಶ್'ನಲ್ಲಿ ಫೆಲುದಾನ ಕತೆ ಬರೆಯಲಾರಂಭಿಸಿದರು. ಕತೆ ಹೇಳುವವನು ಹದಿಹರೆಯದ ತಮ್ಮ ತೊಪ್ಶೆ. ಓದುವವರು ಎಳೆಯರು ಎಂಬ ಎಚ್ಚರದಿಂದ ರಾಯ್ ರಕ್ತಪಾತವನ್ನು ಮಿತಿಯಲ್ಲಿಟ್ಟರು. ಅಲ್ಲಿನ ಹಲವು ಕತೆಗಳ ಅಪರಾಧಿಗಳು ಓದಿದವರು, ಸಂಗ್ರಾಹಕರು, ಮರ್ಯಾದಸ್ಥ ಮನೆಯವರು. ಜೊತೆಗೆ ಜಟಾಯು ಎಂಬ ಕಾವ್ಯನಾಮದ ರೋಚಕ ಕಾದಂಬರಿಕಾರನನ್ನೂ ತಂದರು. ಆತನ ಪುಸ್ತಕಗಳ ತುಂಬ ತಪ್ಪು ಮಾಹಿತಿ, ಅದನ್ನು ಫೆಲುದಾ ತಿದ್ದುತ್ತಾನೆ. ರೋಚಕವಾಗಿ ಬರೆಯಬಹುದು, ಆದರೆ ಸುಳ್ಳು ಬರೆಯಬಾರದು ಎಂಬ ಮಾತನ್ನು ನಗಿಸುತ್ತಲೇ ಮಕ್ಕಳಿಗೆ ಮುಟ್ಟಿಸಿದ ಬಗೆಯಿದು.

ಕನ್ನಡದಲ್ಲಿ ಈ ಓದನ್ನು ಮನೆಮನೆಗೆ ಮುಟ್ಟಿಸಿದವರು ಎನ್. ನರಸಿಂಹಯ್ಯ. ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಬರೆದದ್ದು ಐದುನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಹರಿದು ಹಾಳೆಯಾಗುವವರೆಗೆ ಓದಿಸಿಕೊಂಡ. 2011ರಲ್ಲಿ ನರಸಿಂಹಯ್ಯ ನಿಧನರಾದರು. ಸಾಹಿತ್ಯ ಚರಿತ್ರೆಗಳಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದೆರಡು ಸಾಲು. ಆದರೆ ದೊಡ್ಡ ಕಾದಂಬರಿಗಳತ್ತ ಹೋದ ಎಷ್ಟೋ ಮಂದಿ ಓದುಗರು ಮೊದಲು ಹತ್ತಿದ ಮೆಟ್ಟಿಲು ಅವರ ಪುಸ್ತಕವೇ ಆಗಿತ್ತು.

ಕೊನೆಯ ಅಧ್ಯಾಯವಿಲ್ಲದ ಕತೆ

ಹದಿಹರೆಯದವರಿಗೆ ರೋಚಕ ಕತೆ ಬರೆದವರಲ್ಲಿ ಅಮೆರಿಕದ ಲೋಯಿಸ್ ಡಂಕನ್ ಅವರ ಬದುಕು ಮನ ಕಲಕುವಂತಹದು. 1973ರ ಅವರ 'ಐ ನೋ ವಾಟ್ ಯು ಡಿಡ್ ಲಾಸ್ಟ್ ಸಮ್ಮರ್' ಬಹಳ ಜನಪ್ರಿಯ. ನಾಲ್ವರು ಹುಡುಗ ಹುಡುಗಿಯರು ಕಾರಿನಲ್ಲಿ ಹೋಗುವಾಗ ಒಬ್ಬ ಮಗುವಿಗೆ ಢಿಕ್ಕಿ ಹೊಡೆದು ಮುಚ್ಚಿಡುತ್ತಾರೆ. ಆ ಗುಟ್ಟು ಅವರನ್ನು ಬೆನ್ನಟ್ಟುತ್ತದೆ. ಕಳ್ಳ ಹೊರಗಿನವನಲ್ಲ, ನಮ್ಮ ನಿಮ್ಮಂತಹ ಮನೆಗಳ ಮಕ್ಕಳೇ ಎಂಬುದು ಅಲ್ಲಿನ ಹೊಸತನ. 1989ರ ಜುಲೈಯಲ್ಲಿ ಡಂಕನ್ ಅವರ ಹದಿನೆಂಟು ವರ್ಷದ ಕಿರಿಯ ಮಗಳನ್ನು ಯಾರೋ ಅಲ್ಬುಕರ್ಕಿ ನಗರದ ರಸ್ತೆಯಲ್ಲಿ ಗುಂಡಿಟ್ಟು ಕೊಂದರು. ಆ ಮೇಲೆ ಅವರಿಗೆ ಅಂತಹ ಕತೆಗಳನ್ನು ಬರೆಯುವುದು ಕಷ್ಟವಾಯಿತು. ತಾವೇ ತನಿಖೆಗೆ ಇಳಿದರು, 1992ರಲ್ಲಿ ಪುಸ್ತಕ ಬರೆದರು. 1997ರಲ್ಲಿ ಅವರ ಕಾದಂಬರಿಯನ್ನು ರಕ್ತ ಚೆಲ್ಲುವ ಸಿನಿಮಾ ಮಾಡಿದಾಗ ಅವರಿಗೆ ನೋವಾಯಿತು. ಕೊಲೆ ಮೋಜಿನ ವಸ್ತುವಲ್ಲ ಎಂದು ಅವರಿಗಿಂತ ಚೆನ್ನಾಗಿ ತಿಳಿದವರು ಯಾರು? 2016ರಲ್ಲಿ ಅವರು ತೀರಿಕೊಂಡರು. ಮಗಳನ್ನು ಕೊಂದೆನೆಂದು ಒಬ್ಬಾತ ಒಪ್ಪಿಕೊಂಡದ್ದು 2021ರಲ್ಲಿ.

ಪುಸ್ತಕದಲ್ಲಿ ಕೊನೆಯ ಅಧ್ಯಾಯ ಇರುತ್ತದೆ, ಬದುಕಿನಲ್ಲಿ ಹಲವು ಸಲ ಇರುವುದಿಲ್ಲ. ಡಂಕನ್ ಇಪ್ಪತ್ತೇಳು ವರ್ಷ ಕಾದರು, ಹುಡುಕಿದರು, ಪುರಾವೆ ಕೇಳಿದರು. ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ತಾಳ್ಮೆ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ.

2018ರ ಜುಲೈ. ಮಕ್ಕಳ ಕಳ್ಳರು ಬಂದ್ದಿದ್ದಾರೆಂಬ ಸುದ್ದಿ ದೇಶದ ಉದ್ದಗಲಕ್ಕೂ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿತ್ತು. ನಮ್ಮ ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅಷ್ಟೇ. ಸಂದೇಹ ಎದ್ದಿತು, ವಿಡಿಯೋ ಹರಡಿತು, ಮುಂದಿನ ಊರಿನಲ್ಲಿ ಜನ ಸೇರಿದರು. ಮುರ್ಕಿ ಎಂಬಲ್ಲಿ ಗುಂಪಿನ ಕೈಗೆ ಸಿಕ್ಕಿ ಒಬ್ಬ ಯುವ ಇಂಜಿನಿಯರ್ ಪ್ರಾಣ ಕಳೆದುಕೊಂಡರು. ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು. ಅವರು ಯಾವ ಮಗುವನ್ನೂ ಕದ್ದಿರಲಿಲ್ಲ.

ಬರ್ಲಿನ್ನಿನ ಕತೆಯ ನೂರು ಮಕ್ಕಳ ಗುಂಪನ್ನೂ ಮುರ್ಕಿಯ ಗುಂಪನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಮಕ್ಕಳ ಸಂದೇಹ ಸರಿಯಾಗಿತ್ತು, ಆದರೂ ಅವರು ಹೊಡೆಯಲಿಲ್ಲ. ಇಲ್ಲಿ ಸಂದೇಹವೇ ತಪ್ಪಾಗಿತ್ತು. ಆದರೆ ಅದು ತಪ್ಪು ಎಂದು ತಿಳಿಯುವ ಮೊದಲೇ ಎಲ್ಲವೂ ಮುಗಿದಿತ್ತು.

ಈಗಿನ ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿಯೂ ರೋಚಕ ಕತೆಗಳಿಗೆ ಬರವಿಲ್ಲ. ಯಾರೋ ಕಳುಹಿಸಿದ ಸಂದೇಶ, ಭಯಹುಟ್ಟಿಸುವ ಹಿನ್ನೆಲೆ ಸಂಗೀತ, ಒಂದು ಹೆಸರು, ಒಂದು ಟೋಪಿ, ಒಂದು ಗಡ್ಡ, ಒಂದು ಊರು. ಪತ್ತೇದಾರಿ ಕಾದಂಬರಿಯ ಎಲ್ಲಾ ಸಾಮಗ್ರಿ ಅದರಲ್ಲಿದೆ. ಇಲ್ಲದಿರುವುದು ಎರಡೇ: ಪತ್ತೇದಾರ ಮತ್ತು ಪುರಾವೆ. ಮೊದಲ ಪುಟದಲ್ಲಿಯೇ ತೀರ್ಪು ಬಂದುಬಿಡುತ್ತದೆ. ಒಳ್ಳೆಯ ಪತ್ತೇದಾರಿ ಕತೆಯ ನಿಯಮ ಇದಕ್ಕೆ ತದ್ವಿರುದ್ಧ. ಅಲ್ಲಿ ಎಲ್ಲರೂ ಮೊದಲು ಬೆರಳು ತೋರಿಸಿದವನು ಸಾಮಾನ್ಯವಾಗಿ ನಿರಪರಾಧಿ. ಇನ್ನೂರು ಪುಟ ಕಾದು, ಒಂದೊಂದೇ ಸುಳಿವನ್ನು ತೂಗಿ, ತನ್ನ ಊಹೆ ತಪ್ಪೆಂದು ಒಪ್ಪಿಕೊಳ್ಳುವ ಅಭ್ಯಾಸ ಓದುಗನಿಗೆ ತಾನಾಗಿ ಬರುತ್ತದೆ. ತಪ್ಪು ಊಹಿಸಿದ್ದಕ್ಕೆ ನಾಚಿಕೆಯಾಗುವುದಿಲ್ಲ, ಸಂತೋಷವೇ ಆಗುತ್ತದೆ. ಬೇರೆ ಯಾವ ಪಾಠ ಇದನ್ನು ಇಷ್ಟು ಸುಲಭವಾಗಿ ಕಲಿಸೀತು?

ಆದ್ದರಿಂದ ಮನೆಯ ಮಗ ಅಥವಾ ಮಗಳು ಪಠ್ಯಪುಸ್ತಕದೊಳಗೆ ಪತ್ತೇದಾರಿ ಕಾದಂಬರಿ ಇಟ್ಟು ಓದುತ್ತಿದ್ದರೆ ಕಸಿದುಕೊಳ್ಳುವ ಅವಸರ ಬೇಡ. ಓದಿ ಮುಗಿಸಲಿ. ಆ ಮೇಲೆ ಪಕ್ಕದಲ್ಲಿ ಕುಳಿತು ಎರಡು ಪ್ರಶ್ನೆ ಕೇಳೋಣ. ಎಲ್ಲರಿಗೂ ಮೊದಲು ಸಂದೇಹ ಬಂದದ್ದು ಯಾರ ಮೇಲೆ, ಯಾಕೆ? ಕೊನೆಗೆ ಸತ್ಯ ತಿಳಿದದ್ದು ಯಾವ ಪುರಾವೆಯಿಂದ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಲು ಕಲಿತ ಮಗು, ನಾಳೆ ಮೊಬೈಲಿನಲ್ಲಿ ಬಂದ ಒಂದು ವಿಡಿಯೋವನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ ಒಂದು ಕ್ಷಣ ಬೆರಳನ್ನು ತಡೆದೀತು. ಆ ಒಂದು ಕ್ಷಣದಲ್ಲಿ ಯಾರದೋ ಪ್ರಾಣ ಉಳಿಯಬಹುದು.